ಬೆರಳು ತಣ್ಣಗಿದ್ದಾಗ ಆಕ್ಸಿಮೀಟರ್ ಅಂಕಿ ನಂಬಬೇಡಿ

ಮಳೆಗಾಲದಲ್ಲಿ ಮನೆಯ ಹಿರಿಯರಿಗೆ ಆಕ್ಸಿಮೀಟರ್ (ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ, ಬೆರಳಿಗೆ ಹಾಕುವ ಪುಟ್ಟ ಯಂತ್ರ) ಹಾಕುವ ಮೊದಲು ಅವರ ಕೈ ಬೆಚ್ಚಗೆ ಮಾಡಿ. ಅಂಗೈ ಉಜ್ಜಿದರೂ ಸಾಕು, ಇಲ್ಲಾಂದ್ರೆ ಬೆಚ್ಚಗಿನ ಕಾಫಿ ಲೋಟ ಐದು ನಿಮಿಷ ಹಿಡಿದು ಕೂರಲಿ (ಕೊಡಗಿನಲ್ಲಿ ಕಾಫಿಗೇನು ಬರ, ಅಲ್ವಾ), ಆಮೇಲೆ ನಡುಬೆರಳಿಗೆ ಹಾಕಿ, ಕೈ ಅಲ್ಲಾಡಿಸದೆ ಒಂದು ನಿಮಿಷ ಬಿಟ್ಟು ಅಂಕಿ ನೋಡಿ. ಈ ಯಂತ್ರ ಬೆರಳ ತುದಿಯಲ್ಲಿ ಮಿಡಿಯುವ ರಕ್ತಕ್ಕೆ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಮಡಿಕೇರಿ, ಭಾಗಮಂಡಲ ಕಡೆಯ ಜುಲೈ ಚಳಿಗೆ ಅಲ್ಲಿನ ರಕ್ತನಾಳ ಮುದುಡಿದರೆ ಮಿಡಿತವೇ ಸರಿಯಾಗಿ ಸಿಗುವುದಿಲ್ಲ, 97 ಇರುವವರಿಗೂ 88 ತೋರಿಸಿ ಸುಮ್ನೆ ಮನೆಯವರನ್ನೆಲ್ಲ ಹೆದರಿಸಬಹುದು. ಅನುಮಾನ ಇದ್ದರೆ ಮಣಿಕಟ್ಟಿನಲ್ಲಿ ನಾಡಿ ಎಣಿಸಿ, ಯಂತ್ರ ತೋರಿಸುವ ನಾಡಿಗೆ ಅದು ಹೊಂದದಿದ್ದರೆ ಆ ಅಂಕಿ ಲೆಕ್ಕಕ್ಕಿಲ್ಲ. ಗಾಢ ನೈಲ್ ಪಾಲಿಶ್ ಇದ್ದರೆ ಕೈ ಬೆಚ್ಚಗಿದ್ದರೂ ತಪ್ಪು ಬರಬಹುದು, ಒರೆಸಿ ಹಾಕಿ. ಬೀಡಿ, ಸಿಗರೇಟು ಜಾಸ್ತಿ ಸೇದುವವರಿಗೆ ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ, ಅದಕ್ಕೆ ಈ ಉಪಾಯ ನಡೆಯಲ್ಲ. ಬೆಚ್ಚಗಾದ ಮೇಲೂ 94ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಮಾತ್ರ ಅವರ ಡಾಕ್ಟರ್ ಹೇಳಿದ ಅಂಕಿಯೇ ಮಿತಿ. ಮಾತಾಡಲೂ ಏದುಸಿರು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಕೈ ಉಜ್ಜುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.