ಕಲ್ಲಿಗೆ ಹೆದರಿ ಮಣ್ಣನ್ನು ಮರೆತಿದ್ದೆ

ನನ್ನ ಪಿಕಪ್ಪಿನ ಚೇಂಬರ್, ಅಂದರೆ ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿ, ಒಡೆದದ್ದು 2018ರ ಜೂನ್ ತಿಂಗಳಲ್ಲಿ. ಗೋವಾದ ರಿವಣ ದಾಟಿ, ಒಳಗಿನ ಒಂದು ಅಡಿಕೆ ತೋಟಕ್ಕೆ ಹೊರಟಿದ್ದೆ. ಹಿಂದೆ ಇಪ್ಪತ್ತು ಚೀಲ ಗೊಬ್ಬರ, ಒಂದಷ್ಟು ಸುಣ್ಣ, ಮೈಲುತುತ್ತ (ತಾಮ್ರದ ಸಲ್ಫೇಟ್). ಮಳೆ ಹಿಡಿದು ಐದಾರು ದಿನವಾಗಿತ್ತು. ದಾರಿ ನಡುವೆ ಒಂದು ಜಂಬಿಟ್ಟಿಗೆ ಕಲ್ಲು ತಲೆ ಎತ್ತಿ ನಿಂತಿತ್ತು. ಎರಡು ಚಕ್ರದ ಮಧ್ಯೆ ಬಿಟ್ಟರೆ ದಾಟುತ್ತದೆ ಅಂದುಕೊಂಡೆ. ಹಿಂದಿನ ವಾರ ಹಾಗೇ ದಾಟಿದ್ದೆ. ಈ ಸಲ ಹತ್ತಿರ ಬಂದಾಗ ಹೆದರಿ ಬ್ರೇಕ್ ಒತ್ತಿದೆ. ಗಾಡಿಯ ಮೂತಿ ಕೆಳಗೆ ಬಗ್ಗಿತು. ಕೆಳಗಿನಿಂದ 'ಟಕ್' ಅಂತ ಒಂದೇ ಸದ್ದು.

ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಆಯಿಲ್ ದೀಪ ಹತ್ತಿತು. ತಕ್ಷಣ ಇಂಜಿನ್ ಆಫ್ ಮಾಡಿದೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. 'ಇನ್ನೊಂದು ಸ್ವಲ್ಪ, ತೋಟ ಮುಟ್ಟಿಸೋಣ' ಅಂತ ಎಳೆದಿದ್ದರೆ ಬೇರಿಂಗ್, ಕ್ರ್ಯಾಂಕ್ ಎಲ್ಲ ಹೋಗುತ್ತಿತ್ತು. ಹಿಂದೆ ತಿರುಗಿ ನೋಡಿದರೆ ಕೆಂಪು ಮಣ್ಣಿನ ಮೇಲೆ ಆಯಿಲಿನ ಕಪ್ಪು ಗೆರೆ. ತೋಟದವರ ಟ್ರ್ಯಾಕ್ಟರ್ ಬಂದು ಎಳೆದುಕೊಂಡು ಹೋಯಿತು.

ನಾನು ಯಲ್ಲಾಪುರದ ಕಡೆಯವನು. ಫೋಂಡಾದಲ್ಲಿ ಇದ್ದುಕೊಂಡು ತೋಟಗಳಿಗೆ ಗೊಬ್ಬರ, ಹಿಂಡಿ, ಔಷಧಿ ತಲುಪಿಸುತ್ತೇನೆ. ಬರುವಾಗ ಅಡಿಕೆ, ತೆಂಗಿನಕಾಯಿ ತುಂಬಿಕೊಂಡು ಬರುತ್ತೇನೆ. ಇಲ್ಲಿಯವರು ತೋಟಕ್ಕೆ ಕುಳಾಗರ ಅನ್ನುತ್ತಾರೆ. ನಮ್ಮ ಕಡೆಯ ತೋಟದ ಹಾಗೇ, ತಗ್ಗಿನಲ್ಲಿ, ಹಳ್ಳದ ಪಕ್ಕದಲ್ಲಿ ಇರುತ್ತವೆ. ಡಾಂಬರು ಊರಿನ ದೇವಸ್ಥಾನದವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಮಣ್ಣು. ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಶುರುವಾಗುವ ಹೊತ್ತಿಗೆ ಹೊಡೆಯಬೇಕು, ಮತ್ತೊಂದು ನಲವತ್ತು ನಲವತ್ತೈದು ದಿನ ಬಿಟ್ಟು. ಹಾಗಾಗಿ ಬೇರೆಯವರು ಗಾಡಿ ಒಳಗೆ ನಿಲ್ಲಿಸುವ ಹೊತ್ತಿಗೇ ನನ್ನ ಗಾಡಿ ಕೆಸರಿಗೆ ಇಳಿಯುತ್ತದೆ.

ಚೇಂಬರ್ ಬದಲಾಯಿಸಿದ ಮೇಲೆ ಮೊದಲು ಕಲಿತದ್ದು ಓಡಿಸುವುದನ್ನು. ಕಾರು ಓಡಿಸಿ ಬಂದವರೆಲ್ಲ ಕಲ್ಲನ್ನು ಮಧ್ಯೆ ಬಿಡುತ್ತಾರೆ. ಪಿಕಪ್ಪಿಗೆ ಅದು ತಪ್ಪು. ಹಿಂದಿನ ಆಕ್ಸಲ್ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ತುಂಡು. ಅದರ ನಡುವೆ ಡಿಫರೆನ್ಶಿಯಲ್ಲಿನ, ಅಂದರೆ ಎರಡು ಚಕ್ರಕ್ಕೂ ಬಲ ಹಂಚುವ ಗೇರುಗಳ, ಗುಂಡನೆ ಹೌಸಿಂಗ್ ಜೋತು ಬಿದ್ದಿರುತ್ತದೆ. ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿದರೆ ಆಕ್ಸಲ್ಲೂ ಅದರ ಜೊತೆ ಮೇಲೇಳುತ್ತದೆ, ಹೌಸಿಂಗಿಗೆ ಜಾಗ ಸಿಗುತ್ತದೆ. ಮಧ್ಯೆ ಬಿಟ್ಟರೆ ಕಲ್ಲು ನೇರ ಹೌಸಿಂಗಿಗೇ ಬರುತ್ತದೆ. ಆದ್ದರಿಂದ ಕಲ್ಲನ್ನು ಟೈರಿಗೆ ಕೊಡಬೇಕು. ನಿಧಾನವಾಗಿ, ಒಂದನೇ ಗೇರಿನಲ್ಲಿ. ಆದರೆ ಟೈರಿನ ಪಕ್ಕೆಗೆ ಕೊಡಬಾರದು, ಎದೆಗೆ, ಅಂದರೆ ನೆಲಕ್ಕೆ ತಾಗುವ ಭಾಗಕ್ಕೆ ಕೊಡಬೇಕು. ಪಕ್ಕೆ ಸೀಳಿದರೆ ಆ ಟೈರ್ ಮುಗಿಯಿತು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಲೋಡ್ ಹಾಕಿದರೆ ಗಾಡಿ ತಗ್ಗುತ್ತದೆ ಅಲ್ವಾ? ಆದರೆ ಎಲ್ಲವೂ ಒಂದೇ ಸಮ ತಗ್ಗುವುದಿಲ್ಲ. ಹಿಂದಿನ ಹೌಸಿಂಗ್ ಟೈರಿನ ಮೇಲೆ ನಿಂತಿದೆ. ಒಂದು ಟನ್ ಹಾಕಿದರೂ ಅದು ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಇರುತ್ತದೆ. ಟೈರ್ ಎಷ್ಟು ಚಪ್ಪಟೆಯಾಗುತ್ತದೋ ಅಷ್ಟೇ ವ್ಯತ್ಯಾಸ. ತಗ್ಗುವುದು ಪಾಟಾದ (ಪಟ್ಟಿ ಸ್ಪ್ರಿಂಗಿನ) ಮೇಲೆ ಕೂತಿರುವ ಚಾಸಿ, ಡೀಸೆಲ್ ಟ್ಯಾಂಕ್, ಸೈಲೆನ್ಸರ್, ಸ್ಟೆಪ್ನಿ. ಅಂದರೆ ಖಾಲಿ ಗಾಡಿಯಲ್ಲಿ ಹೌಸಿಂಗ್ ನೋಡಿ ಓಡಿಸಿದರೆ ಸಾಕು. ತುಂಬಿದ ಗಾಡಿಯಲ್ಲಿ ಟ್ಯಾಂಕನ್ನೂ ನೆನಪಿಡಬೇಕು.

ಗುಂಡಿ ಮೇಲೆ ಬ್ರೇಕ್ ಹಿಡಿಯಬಾರದು. ಗುಂಡಿಗೆ ಮೊದಲೇ ವೇಗ ಇಳಿಸಿ, ಚಕ್ರ ಇಳಿಯುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಆಗ ಮೂತಿ ಎದ್ದಿರುತ್ತದೆ. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿ ಓಡಿ ಎರಡು ಕಡೆ ಆಳದ ಗಾಡಿಜಾಡು, ನಡುವೆ ದಿಬ್ಬ ಆಗಿರುತ್ತದೆ. ಆ ಜಾಡಿನಲ್ಲಿ ಇಳಿದರೆ ದಿಬ್ಬ ಚೇಂಬರಿನಿಂದ ಹೌಸಿಂಗಿನವರೆಗೆ ಹೊಟ್ಟೆ ಉಜ್ಜುತ್ತದೆ. ಒಂದು ಬದಿಯ ಚಕ್ರ ದಿಬ್ಬದ ಮೇಲೆ, ಇನ್ನೊಂದು ಬದಿಯದು ಅಂಚಿನ ಮೇಲೆ ಇಟ್ಟು ಹೋಗುತ್ತೇನೆ. ಇಳಿಜಾರಿನಲ್ಲಿ ಜಂಬಿಟ್ಟಿಗೆಯ ಹರಳು ಗೋಲಿಯ ಹಾಗೆ ಉರುಳುತ್ತದೆ, ಅಲ್ಲಿ ಬ್ರೇಕಿಗಿಂತ ಗೇರನ್ನು ನಂಬಬೇಕು. ಅನುಮಾನ ಬಂದರೆ ಇಳಿದು ನಡೆದು ನೋಡುತ್ತೇನೆ. ಐದು ನಿಮಿಷದ ಕೆಲಸ.

ಓಡಿಸುವುದು ಹೀಗೆ ಸುಧಾರಿಸಿತು. ಆದರೂ ಕಲ್ಲಿನ ಹೆದರಿಕೆ ಹೋಗಲಿಲ್ಲ. ಅದೇ ವರ್ಷ ಮಳೆಗಾಲ ಮುಗಿಯುವ ಮೊದಲೇ ಚೇಂಬರಿಗೆ ಗಾರ್ಡ್ ಹಾಕಿಸಿದೆ. ಗಟ್ಟಿ ಇರಲಿ ಅಂತ 5 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು. ಎರಡು ಅಡಿ ಅಗಲ, ಎರಡೂವರೆ ಅಡಿ ಉದ್ದ, ಸುತ್ತ ಮೇಲಕ್ಕೆ ಮಡಚಿದ ಅಂಚು. ತೂಕ ಹತ್ತಿರ ಹತ್ತಿರ 18 ಕಿಲೋ. ಬೋಗುಣಿಯ ಹಾಗೆ ಕಾಣುತ್ತಿತ್ತು. ಅದು ಸಾಲದು ಅಂತ ಗಾಡಿಯ ಇಡೀ ತಳಕ್ಕೆ ಕಪ್ಪು ರಬ್ಬರ್ ಕೋಟಿಂಗ್ ಕೂಡ ಹೊಡೆಸಿದೆ. ತೊಳೆದದ್ದು ಅರ್ಧಂಬರ್ಧ. ಒಣಗಿತ್ತೋ ಇಲ್ಲವೋ, ನೋಡಲೂ ಇಲ್ಲ. ಅಲ್ಲಿಂದ ಮೂರು ವರ್ಷ ನೆಮ್ಮದಿಯಿಂದ ಓಡಾಡಿದೆ. ಗಾರ್ಡಿಗೆ ಕಲ್ಲು ಬಡಿದಾಗೆಲ್ಲ ದುಡ್ಡು ವಸೂಲಾಯಿತು ಅನ್ನಿಸುತ್ತಿತ್ತು.

2021ರ ನವೆಂಬರಿನಲ್ಲಿ ಕ್ಲಚ್ ಕೆಲಸಕ್ಕೆ ಗಾರ್ಡ್ ಇಳಿಸಬೇಕಾಯಿತು. ನನ್ನ ಮೇಸ್ತ್ರಿ ಗದಗ ಕಡೆಯವರು, ಫೋಂಡಾದಲ್ಲಿ ಗ್ಯಾರೇಜ್ ಇಟ್ಟು ಬಹಳ ವರ್ಷವಾಗಿದೆ. ನಾಲ್ಕು ಬೋಲ್ಟಿನಲ್ಲಿ ಮೂರು ತಿರುಗಲೇ ಇಲ್ಲ, ಕಡಿದು ತೆಗೆದರು. ಗಾರ್ಡ್ ಕೆಳಗೆ ಬಿತ್ತು. ಅದರ ಜೊತೆ ಎರಡು ಬುಟ್ಟಿ ಮಣ್ಣು. ಮಳೆ ನಿಂತು ತಿಂಗಳಾಗಿದ್ದರೂ ಒಳಗಿನ ಮಣ್ಣು ಇನ್ನೂ ಹಸಿ ಇತ್ತು. ಮೇಸ್ತ್ರಿ ಸಣ್ಣ ಸುತ್ತಿಗೆ ತಗೊಂಡು ಚಾಸಿ ಉದ್ದಕ್ಕೂ ಬಡಿಯುತ್ತಾ ಬಂದರು. ಠಣ್, ಠಣ್, ಠಣ್. ಗಾರ್ಡಿನ ಹಿಂದಿನ ಅಡ್ಡಪಟ್ಟಿಗೆ ಬಂದಾಗ 'ದಬ್' ಅಂತು. ಹಪ್ಪಳದ ಹಾಗೆ ತುಕ್ಕಿನ ಪದರ ಉದುರಿತು.

"ಇದನ್ನ ಕಲ್ಲು ತಿಂದಿಲ್ರೀ ಅಣ್ಣಾರ," ಅಂದರು. "ನೀವು ಹಾಕ್ಸಿದ ಗಾರ್ಡ್ ತಿಂದೈತಿ."

ಆ ಮಾತು ನನಗೆ ನಾಟಿತು. ಮೂರು ವರ್ಷ ನಾನು ಒದ್ದೆ ಮಣ್ಣಿನ ಒಂದು ತೊಟ್ಟಿಯನ್ನು ಚಾಸಿಗೆ ಕಟ್ಟಿಕೊಂಡು ತಿರುಗಿದ್ದೆ. ರಬ್ಬರ್ ಕೋಟಿಂಗಿನದ್ದೂ ಅದೇ ಕಥೆ. ಮೇಲೆ ನೋಡಲು ಕಪ್ಪಗೆ ಚೆನ್ನಾಗಿತ್ತು. ಮೇಸ್ತ್ರಿ ಸ್ಕ್ರೂಡ್ರೈವರ್ ಚುಚ್ಚಿದರೆ ಸಿಪ್ಪೆಯ ಹಾಗೆ ಎದ್ದು ಬಂತು. ಅಡಿಯಲ್ಲಿ ನೀರು, ತುಕ್ಕು. ಹಸಿ ಮಣ್ಣಿನ ಮೇಲೆ ಕೋಟಿಂಗ್ ಹೊಡೆದರೆ ತುಕ್ಕನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ.

ಬರೀ ಮಣ್ಣೂ ಅಲ್ಲ. ನಾನು ಸಾಗಿಸುವ ಸಾಮಾನೇ ಕಬ್ಬಿಣಕ್ಕೆ ವಿಷ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವವರೆಲ್ಲರಿಗೂ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಬಂತೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಅಂದರೆ ತಾಮ್ರ. ತಾಮ್ರ ಕತ್ತಿಯ ಮೇಲೆ ಕೂರುತ್ತದೆ, ಕತ್ತಿಯ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಚಿಕ್ಕಂದಿನಿಂದ ಅಪ್ಪ ಹೀಗೆ ಕತ್ತಿ ಅದ್ದುವುದನ್ನು ನೋಡಿದ್ದೇನೆ. ಹರಿದ ಚೀಲದಿಂದ ಉದುರಿದ ಮೈಲುತುತ್ತ ಮಳೆನೀರಿನ ಜೊತೆ ಹಲಗೆಯ ಸಂದಿಯಲ್ಲಿ ಇಳಿದು ನನ್ನ ಚಾಸಿಗೂ ಅದನ್ನೇ ಮಾಡುತ್ತಿದೆ ಅಂತ ಮಾತ್ರ ಹೊಳೆದಿರಲಿಲ್ಲ. ಪೊಟ್ಯಾಷ್ ಗೊಬ್ಬರವೂ ಹಾಗೇ. ಅದು ಪೊಟ್ಯಾಷಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವ ಎಳೆದುಕೊಂಡು ಅಂಟಿಕೊಳ್ಳುತ್ತದೆ. ಗೋವಾದ ಹವೆಯಲ್ಲಿ ತೇವಕ್ಕೆ ಬರವಿಲ್ಲ.

ಅಡ್ಡಪಟ್ಟಿ ಬದಲಾಯಿಸಿದೆವು. ವೆಲ್ಡಿಂಗ್ ಹಚ್ಚುವ ಮೊದಲು ಮೇಸ್ತ್ರಿ ಬ್ಯಾಟರಿಯ ಎರಡೂ ಟರ್ಮಿನಲ್ ತೆಗೆದರು. ಇಂಜಿನ್ ಕಂಪ್ಯೂಟರಿನ ಕನೆಕ್ಟರನ್ನೂ ಬಿಚ್ಚಿದರು. ಈಗಿನ ಡೀಸೆಲ್ ಗಾಡಿಗಳಲ್ಲಿ ಇದನ್ನು ಮರೆತರೆ ವೆಲ್ಡಿಂಗಿನ ಕರೆಂಟು ಎಲೆಕ್ಟ್ರಾನಿಕ್ಸ್ ಸುಡಬಹುದು. ನೀವು ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಕೇಳಿ, ಸಂಕೋಚ ಬೇಡ.

ಹೊಸ ಗಾರ್ಡನ್ನು ಬೇರೆ ರೀತಿ ಮಾಡಿಸಿದೆ. 3 ಮಿಲಿಮೀಟರ್ ತಗಡು, ಸುಮಾರು 11 ಕಿಲೋ. ಬಲ ದಪ್ಪದಿಂದ ಬರಬೇಕಿಲ್ಲ, ಕೆಳಗಡೆ ಉದ್ದಕ್ಕೂ ಎರಡು ಪಟ್ಟಿ ಹಚ್ಚಿದರೆ ಸಾಕು. ಮುಂದಿನ ಅಂಚು ಮಾತ್ರ ಮೇಲಕ್ಕೆ ಬಾಗಿದೆ. ಹಿಂದಿನ ಅಂಚು ಪೂರ್ತಿ ತೆರೆದಿದೆ, ಹಿಂದಕ್ಕೆ ಸ್ವಲ್ಪ ಇಳಿಜಾರಾಗಿದೆ, ನೀರು ಮಣ್ಣು ತಾನೇ ಜಾರಿ ಹೋಗಲಿ ಅಂತ. ಆಯಿಲ್ ಇಳಿಸುವ ನಟ್ಟಿನ ಕೆಳಗೆ ಕೈ ಹೋಗುವಷ್ಟು ತೂತು. ಚೇಂಬರಿಗೂ ಗಾರ್ಡಿಗೂ ನಡುವೆ ಎರಡು ಬೆರಳು ಅಂತರ. ಅಂತರ ಇಲ್ಲದಿದ್ದರೆ ಕಲ್ಲಿನ ಏಟು ಗಾರ್ಡಿನಿಂದ ನೇರ ಚೇಂಬರಿಗೆ ಹೋಗುತ್ತದೆ. ಬೋಲ್ಟ್ ಹಾಕಿದ್ದು ಚಾಸಿಯಲ್ಲಿ ಮೊದಲೇ ಇದ್ದ ತೂತುಗಳಿಗೆ. ಚಾಸಿಗೆ ಹೊಸ ತೂತು ಕೊರೆಯಲು ನಾನು ಬಿಡಲಿಲ್ಲ. ಬೋಲ್ಟಿನ ಸುರುಳಿ ಗೆರೆಗೆ ಗ್ರೀಸ್ ಹಚ್ಚಿ ಹಾಕಿದ್ದೇವೆ. ಈಗ ಹತ್ತು ನಿಮಿಷದಲ್ಲಿ ಇಳಿಯುತ್ತದೆ.

ಬಣ್ಣದ ಕೆಲಸ ಮುಂದಿನ ಮೇ ತಿಂಗಳಿಗೆ ಇಟ್ಟುಕೊಂಡೆ, ಬಿಸಿಲು ಚೆನ್ನಾಗಿರುವಾಗ. ತೊಳೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮೂರು ದಿನ ಒಣಗಿಸಿದೆ. ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ಇನಾಮಲ್. ದಪ್ಪ ರಬ್ಬರ್ ಕೋಟಿಂಗನ್ನು ಚಕ್ರದ ಮೇಲಿನ ಕಮಾನಿಗೆ ಮಾತ್ರ ಹೊಡೆದೆ, ಹರಳು ಸಿಡಿಯುವುದು ಅಲ್ಲೇ. ಚಾಸಿಗೆ ಬರೀ ಬಣ್ಣ ಇದ್ದರೆ ತುಕ್ಕು ಬಂದ ದಿನವೇ ಕಣ್ಣಿಗೆ ಕಾಣುತ್ತದೆ. ಪೆಟ್ಟಿಗೆಯಂಥ ಚಾಸಿಯ ಒಳಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಮೇಣದಂಥ ಸ್ಪ್ರೇಯನ್ನು ಉದ್ದ ಕೊಳವೆಯಿಂದ ಬಿಟ್ಟೆ. ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ರಬ್ಬರ್ ಬುಷ್, ನೀರಿಳಿಯುವ ತೂತು, ಇವಕ್ಕೆ ಯಾವ ಕೋಟಿಂಗೂ ತಾಗಬಾರದು.

ಹಳೇ ಇಂಜಿನ್ ಆಯಿಲ್ ಹೊಡೆಯಿರಿ, ಪುಕ್ಕಟೆ ಆಗುತ್ತದೆ ಅಂತ ತುಂಬ ಜನ ಹೇಳಿದರು. ನಾನು ಮಾಡಲಿಲ್ಲ. ಅದು ರಬ್ಬರ್ ಬುಷ್ಷುಗಳನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಅದಕ್ಕಿಂತ ದೊಡ್ಡ ಮಾತು, ನನ್ನ ಗಾಡಿ ನಿಲ್ಲುವುದು ತೋಟದ ಕಾಲುವೆ ಪಕ್ಕದಲ್ಲಿ. ಅಲ್ಲಿ ತೊಟ್ಟಿಕ್ಕಿದ್ದು ಹಳ್ಳಕ್ಕೆ ಹೋಗುತ್ತದೆ, ಕೆಳಗಿನ ಮನೆಯವರ ಬಾವಿಗೆ ಹೋಗುತ್ತದೆ. ಅನ್ನ ಕೊಡುವ ತೋಟಕ್ಕೆ ಅದನ್ನು ಮಾಡಲು ಮನಸ್ಸು ಬರುವುದಿಲ್ಲ.

ನಿಜವಾಗಿ ಗಾಡಿ ಉಳಿಸಿದ್ದು ನೀರು. ಐದು ಅಡಿ ಉದ್ದದ ಅರ್ಧ ಇಂಚಿನ ಜಿಐ ಪೈಪ್ ತಂದೆ. ನಾಲ್ಕು ಇಂಚಿಗೊಂದರಂತೆ ಸಣ್ಣ ತೂತು ಕೊರೆಸಿದೆ. ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಮನೆಯ ಅರ್ಧ ಎಚ್‌ಪಿ ಪಂಪಿನ ಪೈಪ್ ಸಿಕ್ಕಿಸಿದೆ. ಅಂಗಳದಲ್ಲಿ ನೆಲದ ಮೇಲೆ ಇಟ್ಟು, ತೂತು ಮೇಲೆ ಮಾಡಿ, ಗಾಡಿಯನ್ನು ಅದರ ಮೇಲೆ ಹಿಂದೆ ಮುಂದೆ ನಿಧಾನವಾಗಿ ಓಡಿಸುತ್ತೇನೆ. ಹತ್ತು ನಿಮಿಷ ಸಾಕು. ಮಣ್ಣು ಒಣಗುವ ಮೊದಲು, ಮನೆಗೆ ಬಂದ ಸಂಜೆಯೇ ಮಾಡಬೇಕು. ಒಣಗಿದರೆ ಕಲ್ಲಾಗುತ್ತದೆ. ಪಾಟಾದ ಎಲೆಗಳ ನಡುವೆ, ಟ್ಯಾಂಕಿನ ಮೇಲ್ಭಾಗದಲ್ಲಿ, ಅಡ್ಡಪಟ್ಟಿಯ ಮೂಲೆಯಲ್ಲಿ ಕೂತದ್ದನ್ನು ಬೆರಳು ಹಾಕಿ ತೆಗೆಯುತ್ತೇನೆ. ತೊಳೆದಾಗ ಗ್ರೀಸೂ ಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನ ಕ್ರಾಸ್, ಪಾಟಾದ ಪಿನ್ನುಗಳಿಗೆ ಗ್ರೀಸ್ ಗನ್ ಹಿಡಿಯುತ್ತೇನೆ. ಹೊಸ ಗ್ರೀಸ್ ಹಳೆಯದನ್ನು ಹೊರಗೆ ತಳ್ಳಿ ಕಾಣಿಸಿಕೊಳ್ಳುವವರೆಗೆ.

ಹಳ್ಳ ದಾಟುವವರಿಗೆ ಒಂದು ಮಾತು. ಹಿಂದಿನ ಹೌಸಿಂಗಿನ ಮೇಲೆ ಗಾಳಿ ಆಡಲು ಸಣ್ಣ ಕಿಂಡಿ, ಬ್ರೀದರ್ ಇರುತ್ತದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಅಲ್ಲಿಂದ ನೀರು ಹೀರುತ್ತದೆ. ನೇತ್ರಾವಳಿ ಕಡೆಯ ಒಂದು ಹಳ್ಳ ವಾರಗಟ್ಟಲೆ ದಾಟಿದ ಮೇಲೆ ನನ್ನ ಹೌಸಿಂಗಿನ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿತ್ತು. ಈಗ ಬ್ರೀದರಿಗೆ ರಬ್ಬರ್ ಕೊಳವೆ ಜೋಡಿಸಿ ಬಾಡಿಯ ಹಲಗೆಯವರೆಗೆ ಮೇಲೆ ತಂದು ಕಟ್ಟಿದ್ದೇನೆ. ಆದರೂ ಮಳೆಗಾಲ ಮುಗಿದ ಕೂಡಲೇ ಆಯಿಲ್ ನೋಡಿಸುವುದು ಬಿಟ್ಟಿಲ್ಲ.

ಲೋಡಿನ ಕೆಳಗೆ ಈಗ ದಪ್ಪ ತಾಡಪಾಲು ಹಾಸುತ್ತೇನೆ, ಅಂಚುಗಳನ್ನು ಒಳಕ್ಕೆ ಮಡಚಿ. ಮೈಲುತುತ್ತವನ್ನು ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಒಯ್ಯುತ್ತೇನೆ.

ಕಳೆದ ನವೆಂಬರಿನಲ್ಲಿ ಗಾರ್ಡ್ ಇಳಿಸಿದಾಗ ಒಳಗೆ ಸಿಕ್ಕಿದ್ದು ಒಂದು ಹಿಡಿ ಮರಳು, ನಾಲ್ಕು ಅಡಿಕೆ ಸಿಪ್ಪೆ. ಸುತ್ತಿಗೆ ಬಡಿದಲ್ಲೆಲ್ಲ ಠಣ್ ಅಂತು. ಡೀಸೆಲ್ ಟ್ಯಾಂಕನ್ನು ಹಿಡಿದಿರುವ ಪಟ್ಟಿಯ ಹತ್ತಿರ ಮಾತ್ರ ಸದ್ದು ಸ್ವಲ್ಪ ಬೇರೆ ಇತ್ತು. ಪಟ್ಟಿಯ ಒಳಗೆ ರಬ್ಬರ್ ಇದೆ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಬರುವ ಮೇ ತಿಂಗಳಲ್ಲಿ ಟ್ಯಾಂಕ್ ಖಾಲಿ ಮಾಡಿ ಇಳಿಸಿ ನೋಡೋಣ ಅಂತ ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.