ಥಂಡಿಗೆ ನಮ್ಮ ಆಮೆಯನ್ನು ಮಲಗಲು ಬಿಡುವುದಿಲ್ಲ

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಆರು ವರ್ಷದಿಂದ ಒಂದು ಆಮೆ ಸಾಕಿದ್ದೇನೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ನೀರಾಮೆ. ರೆಡ್ ಇಯರ್ಡ್ ಸ್ಲೈಡರ್ ಅಂತ ಮಾರುತ್ತಾರೆ. ತಂದಾಗ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿತ್ತು, ಈಗ ಅಂಗೈ ಮೀರಿ ಬೆಳೆದಿದೆ.

ಮೊದಲ ವರ್ಷ ದೀಪಾವಳಿ ಮುಗಿದು ಥಂಡಿ ಬಿದ್ದ ಕೂಡಲೇ ಅದು ಊಟ ಬಿಟ್ಟಿತು. ತೊಟ್ಟಿಯ ಮೂಲೆಯಲ್ಲಿ ಕೈಕಾಲು ಒಳಗೆಳೆದುಕೊಂಡು ಕೂತುಬಿಡುತ್ತಿತ್ತು. "ಆಮಿ ಥಂಡ್ಯಾಗ ಮಲಗತಾವಪಾ, ಸುಮ್ನ ಬಿಡು" ಅಂದಳು ಅವ್ವ. ನಾನೂ ನಂಬಿದೆ. ಎರಡು ವಾರ ಹಾಗೇ ಬಿಟ್ಟೆ. ಒಂದು ಬೆಳಿಗ್ಗೆ ನೋಡಿದರೆ ಒಂದು ಕಡೆ ವಾಲಿಕೊಂಡು ತೇಲುತ್ತಿತ್ತು. ಮೂಗಿನ ತುದಿಯಲ್ಲಿ ಸಣ್ಣ ಗುಳ್ಳೆ ಬಂದು ಬಂದು ಒಡೆಯುತ್ತಿತ್ತು. ಕತ್ತು ಚಾಚಿ, ಬಾಯಿ ತೆರೆದು ಉಸಿರು ಎಳೆಯುತ್ತಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಪಶುವೈದ್ಯರು ನ್ಯುಮೋನಿಯಾ ಅಂದರು. ಇಂಜೆಕ್ಷನ್ ಮುಂಗಾಲಿಗೇ ಕೊಟ್ಟರು. ಆಮೆಗೆ ಹಿಂಗಾಲಿಗೆ ಕೊಟ್ಟರೆ ಔಷಧಿ ಮೊದಲು ಕಿಡ್ನಿಗೆ ಹೋಗಬಹುದಂತೆ. ಚೇತರಿಸಿಕೊಳ್ಳಲು ಒಂದು ತಿಂಗಳು ಬೇಕಾಯಿತು.

ತಪ್ಪು ಎಲ್ಲಾಯಿತು ಅನ್ನೋದು ಆಮೇಲೆ ಗೊತ್ತಾಯಿತು. ಇದರ ತವರು ಅಮೆರಿಕದ ಮಿಸಿಸಿಪ್ಪಿ ಸೀಮೆ. ಅಲ್ಲಿ ಚಳಿಗಾಲಕ್ಕೆ ಕೆರೆಯ ನೀರು 10 ಡಿಗ್ರಿಗಿಂತ ಕೆಳಗಿಳಿದು ವಾರಗಟ್ಟಲೆ ಹಾಗೇ ಇರುತ್ತದೆ. ಆಗ ಮೈಯೊಳಗಿನ ಕೆಲಸವೆಲ್ಲ ನಿಧಾನವಾಗಿ, ಆಮೆ ನಿಜವಾಗಿ ಮಲಗುತ್ತದೆ. ನಮ್ಮ ಧಾರವಾಡದಲ್ಲಿ ಡಿಸೆಂಬರ್ ರಾತ್ರಿ 14 ಡಿಗ್ರಿ ಆದರೆ ಮಧ್ಯಾಹ್ನ 28ಕ್ಕೆ ಏರುತ್ತದೆ. ಇದು ಮಲಗುವಷ್ಟು ಥಂಡಿಯೂ ಅಲ್ಲ, ತಿಂದದ್ದು ಅರಗುವಷ್ಟು ಬೆಚ್ಚಗೂ ಅಲ್ಲ. ಮಧ್ಯಾಹ್ನ ಎಚ್ಚರವಾಗಿ ಮೈಯಲ್ಲಿದ್ದ ಶಕ್ತಿ ಖರ್ಚಾಗುತ್ತದೆ, ರಾತ್ರಿ ಮತ್ತೆ ಮರಗಟ್ಟುತ್ತದೆ. ಹೊಟ್ಟೆಯಲ್ಲಿ ಉಳಿದ ಆಹಾರ ಕೊಳೆಯುತ್ತದೆ. ನಾವು ನಿದ್ದೆ ಅಂದುಕೊಂಡದ್ದು ನಿದ್ದೆಯೇ ಅಲ್ಲ, ಅಲ್ವಾ?

ಅಂದಿನಿಂದ ಥಂಡಿಗೂ ಅದನ್ನು ಎಚ್ಚರವಾಗಿಯೇ ಇಡುತ್ತೇನೆ. ಮೊದಲು ತಂದದ್ದು ಥರ್ಮಾಮೀಟರ್. ಕೈ ಅದ್ದಿ ನೋಡಿದರೆ ನೀರಿನ ಬಿಸಿ ಸರಿಯಾಗಿ ತಿಳಿಯೋದಿಲ್ಲ. ಮೀನಿನ ತೊಟ್ಟಿಗೆ ಹಾಕುವ ಹೀಟರ್ ಹಾಕಿ ನೀರನ್ನು 25ರ ಆಸುಪಾಸು ಇಡುತ್ತೇನೆ. ಆಮೆ ಗುದ್ದಿ ಹೀಟರಿನ ಗಾಜು ಒಡೆಯಬಾರದು ಅಂತ ತೂತು ಕೊರೆದ ಪಿವಿಸಿ ಪೈಪಿನೊಳಗೆ ಕೂರಿಸಿದ್ದೇನೆ. ನೀರು ಬದಲಿಸುವ ಮುಂಚೆ ಸ್ವಿಚ್ ಆರಿಸಲೇಬೇಕು. ಹತ್ತಿ ಕೂರಲು ಒಂದು ಕಲ್ಲು, ಅದರ ಮೇಲೆ ಬಲ್ಬು. ಕಲ್ಲಿನ ಮೇಲೆ 32 ಡಿಗ್ರಿ ಇರುವಂತೆ ಬಲ್ಬಿನ ಎತ್ತರ ಹೊಂದಿಸಿದೆ. ಪಕ್ಕದಲ್ಲಿ ಯುವಿಬಿ ದೀಪ, ಅಂದರೆ ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ದೀಪ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಸಾಲದು, ಚಿಪ್ಪು ಗಟ್ಟಿಯಾಗಲು ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಹನ್ನೊಂದರ ಹೊತ್ತಿಗೆ ಮಾಳಿಗೆ ಮೇಲೂ ಒಯ್ಯುತ್ತೇನೆ. ಅರ್ಧ ನೆರಳಿರುವ ಬುಟ್ಟಿ, ಮೇಲೆ ಜಾಳಿಗೆ, ಯಾಕೆಂದರೆ ಕಾಗೆಗಳ ಕಾಟ ಜಾಸ್ತಿ. ನೀರು 20ಕ್ಕಿಂತ ಕೆಳಗಿದ್ದ ದಿನ ಊಟ ಹಾಕುವುದಿಲ್ಲ.

ಹೊಲದಲ್ಲಿ ಸಿಗುವ ನಕ್ಷತ್ರ ಆಮೆಯನ್ನು ಮಾತ್ರ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಸಾಕಲಾಗದ ಸ್ಲೈಡರನ್ನು ಉಣಕಲ್ ಕೆರೆಗೋ ಸಾಧನಕೇರಿಗೋ ಬಿಡುವುದೂ ತಪ್ಪು. ಅದು ನಮ್ಮ ಕೆರೆಯ ಆಮೆಗಳ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತದೆ. ಮೂವತ್ತು ವರ್ಷ ಬದುಕಬಲ್ಲ ಜೀವ, ತರುವ ಮುಂಚೆಯೇ ಯೋಚಿಸಬೇಕು.

ರಾತ್ರಿ ಕರೆಂಟ್ ಹೋದರೆ ತೊಟ್ಟಿಗೆ ಹಳೇ ಕೌದಿ ಸುತ್ತುತ್ತೇವೆ, ಉಸಿರಾಡಲು ಮೇಲೆ ಸ್ವಲ್ಪ ತೆರೆದು. ಮೊನ್ನೆ ಅವ್ವನೇ ನಸುಕಿನಲ್ಲಿ ಎದ್ದು ಟಾರ್ಚ್ ಹಿಡಿದು ನೋಡಿದಳು. "ಇಪ್ಪತ್ತೆರಡೈತಿ, ಬೆಚ್ಚಗದ" ಅಂದು ಕೌದಿ ಸರಿಮಾಡಿ ಮಲಗಿದಳು.