ಹಾಸಿಗೆ ಇದ್ದಷ್ಟೇ ಗ್ರಾಫಿಕ್ಸ್ ಕಾರ್ಡ್: ಕಮ್ಮಿ ದುಡ್ಡಲ್ಲಿ ಗೇಮಿಂಗ್ ಪೀಸಿ ಕಟ್ಟೋದು ಹೇಗೆ?

ಗೇಮಿಂಗ್ ಪೀಸಿ ಅಂದ ತಕ್ಷಣ ಗಾಜಿನ ಕ್ಯಾಬಿನೆಟ್ಟು, ಒಳಗೆ ಬಣ್ಣಬಣ್ಣದ ಲೈಟು, ಗಿರಗಿರ ತಿರುಗೋ ಫ್ಯಾನು ಕಣ್ಮುಂದೆ ಬರತ್ತೆ. ಆ ಲೈಟಿಂದ ಒಂದೇ ಒಂದು ಫ್ರೇಮೂ (ಗೇಮ್ ಓಡೋವಾಗ ಸ್ಕ್ರೀನ್ ಮೇಲೆ ಒಂದಾದ್ಮೇಲೆ ಒಂದು ಬರೋ ಚಿತ್ರ) ಜಾಸ್ತಿ ಬರಲ್ಲ. ಲೆಕ್ಕ ಹಾಕಿ ಖರ್ಚು ಮಾಡೋರು ತಲೇಲಿ ಇಟ್ಕೋಬೇಕಾದ್ದು ಇಷ್ಟೇ: ಗೇಮ್ ಓಡ್ಸೋದು ಗ್ರಾಫಿಕ್ಸ್ ಕಾರ್ಡು, ಉಳಿದಿದ್ದೆಲ್ಲ ಅದಕ್ಕೆ ಅಡ್ಡ ಬರದೇ ಇದ್ರೆ ಸಾಕು. ಈ ಮಾತಿಗೆ ಹೊರತಾಗಿರೋದು ಒಂದೇ, ಪೀಸಿಗೆಲ್ಲ ಕರೆಂಟ್ ಹಂಚೋ ಡಬ್ಬ ಅಂದ್ರೆ ಎಸ್‌ಎಂಪಿಎಸ್ಸು, ಅದರ ಕತೆ ಆಮೇಲೆ ಹೇಳ್ತೀನಿ.

ಮೊದ್ಲು ಗೇಮ್ ಲಿಸ್ಟ್ ಬರೀರಿ

ಪಾರ್ಟ್ಸ್ ನೋಡೋಕೆ ಮುಂಚೆ ಒಂದು ಹಾಳೆ ತಗೊಂಡು ನೀವು ನಿಜವಾಗ್ಲೂ ಆಡೋ ಗೇಮ್‌ಗಳ ಹೆಸರು ಬರೀರಿ, ಮುಂದೆ ಯಾವತ್ತೋ ಆಡ್ತೀನಿ ಅಂದ್ಕೊಂಡಿರೋದಲ್ಲ, ಈ ವಾರ ಆಡೋದು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಥರದ್ದಾದ್ರೆ ಜಾಸ್ತಿ ಫ್ರೇಮ್ ಬೇಕು ಅಂದಷ್ಟೂ ಭಾರ ಪ್ರೊಸೆಸರ್ ಮೇಲೆ ಬೀಳತ್ತೆ, ಸಾಧಾರಣ ಕಾರ್ಡ್ ಇದ್ರೂ ನಡಿಯತ್ತೆ. ಸೈಬರ್‌ಪಂಕ್ 2077 ಥರದ್ದಾದ್ರೆ ಕಾರ್ಡಿನ ಬೆವರು ಇಳಿಸತ್ತೆ.

ಆಮೇಲೆ ಮಾನಿಟರ್. ಇದನ್ನ ಜನ ಕೊನೇಲಿ ನೋಡ್ತಾರೆ, ಆದ್ರೆ ಎಷ್ಟು ದೊಡ್ಡ ಕಾರ್ಡ್ ಬೇಕು ಅನ್ನೋದನ್ನ ತೀರ್ಮಾನ ಮಾಡೋದೇ ಇದು. 1920×1080ರ (ಅದನ್ನೇ 1080ಪಿ ಅನ್ನೋದು) ಸ್ಕ್ರೀನಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರತ್ತೆ, 2560×1440 ಅಂದ್ರೆ 36.9 ಲಕ್ಷ ಹತ್ರ, 4ಕೆ ಅಂದ್ರೆ 1080ಪಿಯ ಸರೀಗೆ ನಾಲ್ಕು ಪಟ್ಟು. ಒಂದೊಂದು ಫ್ರೇಮಿಗೂ ಅಷ್ಟೂ ಪಿಕ್ಸೆಲ್ ಬಣ್ಣ ತುಂಬೋ ಕೆಲಸ ಕಾರ್ಡಿಂದು. ಹಾಗಾಗಿ ಬಜೆಟ್ ಬಿಗಿ ಇದ್ರೆ 1080ಪಿ ಅಂತ ಗಟ್ಟಿ ಮಾಡ್ಕೊಂಡ್ಬಿಡಿ, ಅದೇ ರೆಸಲ್ಯೂಶನ್ನಲ್ಲಿ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಯ್ಸೋದು) ಬದ್ಲು 144 ಹರ್ಟ್ಸ್ ಸಿಕ್ರೆ ಇನ್ನೂ ಒಳ್ಳೇದು.

ಕಾರ್ಡು: ಇಲ್ಲೇ ದುಡ್ಡು ಸುರೀಬೇಕು

ಮಾನಿಟರ್ ಬಿಟ್ಟು ಪೀಸಿಗೆ ಅಂತ ಇಟ್ಟಿರೋ ದುಡ್ಡಲ್ಲಿ ಹತ್ರಹತ್ರ ಅರ್ಧ ಕಾರ್ಡಿಗೇ ಹೋಗ್ಲಿ. 8 ಜಿಬಿ ಮೆಮೊರಿಗಿಂತ ಕಮ್ಮಿ ಇರೋದು ಈಗಿನ ದೊಡ್ಡ ಗೇಮ್‌ಗಳಿಗೆ ಬೇಡ. 2021ರಲ್ಲಿ ಬಂದ ಎಎಂಡಿ ಆರ್‌ಎಕ್ಸ್ 6600 ನನಗೆ ಈಗ್ಲೂ ಅಚ್ಚುಮೆಚ್ಚು, 8 ಜಿಬಿ ಮೆಮೊರಿ, 132 ವ್ಯಾಟ್ ಅಷ್ಟೇ ಕುಡಿಯತ್ತೆ, 1080ಪಿಯಲ್ಲಿ ನಿಯತ್ತಾಗಿ ದುಡಿಯತ್ತೆ. ಸ್ವಲ್ಪ ಕೈ ಚಾಚೋಕಾದ್ರೆ 2024ರ ಡಿಸೆಂಬರಲ್ಲಿ ಬಂದ ಇಂಟೆಲ್ ಆರ್ಕ್ ಬಿ580 ಇದೆ, 12 ಜಿಬಿ ಮೆಮೊರಿ, ಆದ್ರೆ ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರೀನ ಪ್ರೊಸೆಸರ್ ಒಟ್ಟಿಗೇ ಮುಟ್ಟೋಕೆ ಬಿಡೋ ಸೌಲಭ್ಯ) ಇರೋ ಮದರ್‌ಬೋರ್ಡು, ಪ್ರೊಸೆಸರು ಬೇಕೇ ಬೇಕು, ಹಳೇ ಸಿಸ್ಟಮ್ಮಿಗೆ ಸಿಗಿಸಿದ್ರೆ ಸುಮಾರು ಶಕ್ತಿ ವೇಸ್ಟು.

ಎರಡು ಬಲೆ ಇದೆ, ಹುಷಾರು. ಒಂದು, ಜಿಟಿ 730 ಥರದ ಕಾರ್ಡಿಗೆ '4 ಜಿಬಿ ಗೇಮಿಂಗ್' ಅಂತ ಸ್ಟಿಕ್ಕರ್ ಹಚ್ಚಿ ಮಾರೋದು. ಅದು 2014ರ ಕಾರ್ಡು, ಮೆಮೊರಿ ಎಷ್ಟೇ ತುಂಬಿದ್ರೂ ಓಡೋ ಚಿಪ್ಪು ಅದೇ ಬಡಪಾಯಿ. ಇನ್ನೊಂದು ಆರ್‌ಎಕ್ಸ್ 6500 ಎಕ್ಸ್‌ಟಿ, ಇದು ಬೋರ್ಡಿನ ಜೊತೆ ಮಾತಾಡೋದು ನಾಲ್ಕೇ ಪಿಸಿಐಇ ಲೇನಲ್ಲಿ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡೋ ದಾರಿ), ಪಿಸಿಐಇ 4.0 ಬೋರ್ಡಲ್ಲಾದ್ರೆ ಹೆಂಗೋ ಸರಿ, ಹಳೇ 3.0 ಬೋರ್ಡಿಗೆ ಹಾಕಿದ್ರೆ ಕಿರಿದಾದ ಬಾಗ್ಲಲ್ಲಿ ಜಾತ್ರೆ ನುಗ್ಗಿದ ಹಾಗಾಗತ್ತೆ, ಯಾಕಂದ್ರೆ ಮೆಮೊರಿ ಇರೋದೂ 4 ಜಿಬಿನೇ, ಅದು ತುಂಬ್ತಿದ್ದ ಹಾಗೆ ಡೇಟಾ ಹೋಗಿ ಬಂದು ಮಾಡೋಕೆ ಶುರು ಆಗತ್ತೆ.

ಸೆಕೆಂಡ್ ಹ್ಯಾಂಡ್ ತಗೋಬೋದಾ? ಖಂಡಿತ ತಗೋಬೋದು, ಬಜೆಟ್ ಕಟ್ಟೋರಿಗೆ ಅದೇ ದೊಡ್ಡ ಉಳಿತಾಯ. 2022ರ ಸೆಪ್ಟೆಂಬರಲ್ಲಿ ಎಥೀರಿಯಂ ಮೈನಿಂಗ್ (ಕಾರ್ಡ್ ಓಡ್ಸಿ ಕ್ರಿಪ್ಟೋ ನಾಣ್ಯ ಗಳಿಸೋದು) ನಿಂತ ಮೇಲೆ ಮೈನಿಂಗ್ ಮಾಡ್ತಿದ್ದ ಕಾರ್ಡ್‌ಗಳು ರಾಶಿ ರಾಶಿ ಮಾರ್ಕೆಟ್ಟಿಗೆ ಬಂದ್ವು. ಮೈನಿಂಗ್ ಕಾರ್ಡು ಅಂದ್ರೆ ಸತ್ತೇಹೋಗಿದೆ ಅಂತೇನಲ್ಲ, ಹೆಚ್ಚಾಗಿ ಸವೆದಿರೋದು ಫ್ಯಾನು, ಒಣಗಿರೋದು ಥರ್ಮಲ್ ಪೇಸ್ಟು. ಆದ್ರೆ ಕಣ್ಣಾರೆ ನೋಡದೇ ತಗೋಬೇಡಿ. ಅವರ ಪೀಸಿಯಲ್ಲೇ ಹಾಕ್ಸಿ, ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಓಪನ್ ಮಾಡಿ ಕಾರ್ಡಿನ ಹೆಸರು, ಮೆಮೊರಿ ಸರಿ ಇದ್ಯಾ ನೋಡಿ, ಯಾಕಂದ್ರೆ ಹಳೇ ಕಾರ್ಡಿನ ಬಯೋಸ್ (ಒಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ ದೊಡ್ಡ ಹೆಸರು ಇಟ್ಟು ಮಾರೋರೂ ಇದ್ದಾರೆ. ಫರ್‌ಮಾರ್ಕ್ ಅನ್ನೋ ಕಾರ್ಡ್ ಟೆಸ್ಟೋ ಯಾವ್ದಾದ್ರೂ ಭಾರದ ಗೇಮೋ ಇಪ್ಪತ್ತು ನಿಮಿಷ ಓಡ್ಸಿ, ಸ್ಕ್ರೀನ್ ಮೇಲೆ ಚುಕ್ಕಿ, ಗೆರೆ, ವಿಚಿತ್ರ ಬಣ್ಣ ಬಂದ್ರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. 'ಇಲ್ಲಿ ಕರೆಂಟಿಲ್ಲ, ಮನೇಲಿ ಟೆಸ್ಟ್ ಮಾಡ್ಕೊಳಿ' ಅಂದ್ರಂತೂ ಕೂರ್ಲೇಬೇಡಿ.

ಪ್ರೊಸೆಸರ್ ಮತ್ತೆ ಬೋರ್ಡು

ಇಲ್ಲಿ ಹೊಸದರ ಹುಚ್ಚು ಬಿಡಿ. ಎಎಂಡಿಯ ಎಎಂ5 ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) 2022ರಲ್ಲಿ ಬಂತು, ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಒಟ್ಟು ಖರ್ಚು ಏರತ್ತೆ. ಹಿಂದಿನ ಎಎಂ4 ಸಾಕೆಟ್ಟಲ್ಲಿ ರೈಜನ್ 5 5600 ಅಂತ ಇದೆ, 6 ಕೋರು 12 ಥ್ರೆಡ್ಡು, 65 ವ್ಯಾಟು, ಬಾಕ್ಸಲ್ಲೇ ಕೂಲರ್ ಬರತ್ತೆ. ಇನ್ನೂ ಕಮ್ಮೀಲಿ ಅಂದ್ರೆ ಇಂಟೆಲ್ ಐ3 12100ಎಫ್, 4 ಕೋರು 8 ಥ್ರೆಡ್ಡು, ಸಣ್ಣದಾದ್ರೂ ಗೇಮಲ್ಲಿ ಚುರುಕು. ಇಂಟೆಲ್ ಹೆಸರಿನ ಕೊನೇಲಿ 'ಎಫ್' ಇದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ರೈಜನ್ 5600ರಲ್ಲೂ ಇಲ್ಲ, ಹಾಗಾಗಿ ಕಾರ್ಡ್ ಇಲ್ದೇ ಇವು ಸ್ಕ್ರೀನಿಗೆ ಏನೂ ತೋರ್ಸಲ್ಲ.

ಸದ್ಯಕ್ಕೆ ಕಾರ್ಡಿಗೆ ದುಡ್ಡೇ ಇಲ್ಲ ಅನ್ನೋರು ರೈಜನ್ 5 5600ಜಿ ತಗೊಂಡು ಒಳಗಿರೋ ಗ್ರಾಫಿಕ್ಸಲ್ಲೇ ಸಣ್ಣಪುಟ್ಟ ಗೇಮ್ ಆಡ್ತಾ ಇದ್ದು ಆಮೇಲೆ ಕಾರ್ಡ್ ಹಾಕ್ಕೋಬೋದು. ಆದ್ರೆ ಹೆಸರು ಒಂದೇ ಥರ ಇದೆ ಅಂತ ಎರಡೂ ಒಂದೇ ಅಂದ್ಕೋಬೇಡಿ, 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರೋ ವೇಗದ ಮೆಮೊರಿ) ಇದ್ರೆ 5600ಜಿಯಲ್ಲಿ 16 ಎಂಬಿ, ಅದೂ ಅಲ್ದೇ ಇದು ಪಿಸಿಐಇ 3.0ಗೇ ನಿಂತಿದೆ, ನಾಳೆ ಕಾರ್ಡ್ ಹಾಕಿದಾಗ ಸ್ವಲ್ಪ ಹಿಂದೆ ಬೀಳತ್ತೆ. ಮೂರ್ನಾಕು ತಿಂಗಳಲ್ಲಿ ಕಾರ್ಡ್ ಬರತ್ತೆ ಅನ್ನೋ ನಂಬ್ಕೆ ಇದ್ರೆ ನಾನಾದ್ರೆ ಕಾಯ್ತೀನಿ.

ಈ ರೈಜನ್‌ಗಳಿಗೆ ಬಿ550 ಬೋರ್ಡು ಸಾಕು, ಹಳೇ ಬಿ450 ಸಿಕ್ರೆ ಬಯೋಸ್ ಅಪ್ಡೇಟ್ ಆಗಿದ್ಯಾ ಕೇಳಿ, ಆಗಿಲ್ಲ ಅಂದ್ರೆ 5000 ಸೀರೀಸ್ ಪ್ರೊಸೆಸರ್ ಹಾಕಿದಾಗ ಆನ್ ಆಗ್ದೇ ಕೂತ್ಬಿಡತ್ತೆ.

ರ‍್ಯಾಮು 16 ಜಿಬಿ, ಆದ್ರೆ ಒಂದೇ 16ರ ಕಡ್ಡಿ ಬೇಡ, 8ರದ್ದು ಎರಡು ತಗೊಳಿ, ಆಗ ಡ್ಯುಯಲ್ ಚಾನೆಲ್ ಆಗಿ ಡೇಟಾ ಹೋಗೋ ದಾರಿ ಎರಡು ಪಟ್ಟು ಅಗಲ ಆಗತ್ತೆ. 5600ಜಿ ಥರದ್ದಕ್ಕೆ ಇದು ಇನ್ನೂ ಮುಖ್ಯ, ಅದರ ಗ್ರಾಫಿಕ್ಸ್ ಬದುಕೋದೇ ಈ ರ‍್ಯಾಮ್ ಮೇಲೆ. 2025ರ ಕೊನೆ ಹೊತ್ತಿಗೆ ರ‍್ಯಾಮ್ ರೇಟು ಏರಿದ್ದು ನೋಡಿ ತಲೆ ಕೆಟ್ಟೋಯ್ತು, ಎಐ ಡೇಟಾ ಸೆಂಟರ್‌ಗಳೇ ಮೆಮೊರಿ ಚಿಪ್ಪನ್ನೆಲ್ಲ ಬಾಚ್ಕೊಂಡ್ರೆ ನಮ್ಮಂಥೋರಿಗೆ ಏನುಳಿಯತ್ತೆ. ಹಳೇ ಸಿಸ್ಟಮ್ಮಿಂದ ತೆಗೆದ ಡಿಡಿಆರ್4 3200 ಜೋಡಿ ಸಿಕ್ರೆ ಧೈರ್ಯವಾಗಿ ತಗೊಳಿ, ರ‍್ಯಾಮು ಅಷ್ಟು ಸುಲಭಕ್ಕೆ ಕೆಡೋ ವಸ್ತು ಅಲ್ಲ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ (ನೇರ ಬೋರ್ಡಿಗೇ ಸಿಗಿಸೋ ಥರದ್ದು) ಆದ್ರೆ ಆರಾಮು, 500 ಜಿಬಿ ಆದ್ರೆ ಗೇಮ್ ಅಳಿಸಿ ಅಳಿಸಿ ಹಾಕ್ಕೋಬೇಕು. ಜಾಸ್ತಿ ಸ್ಪೀಡಿಂದಕ್ಕೆ ಜಾಸ್ತಿ ದುಡ್ಡು ಬೇಡ.

ಎಸ್‌ಎಂಪಿಎಸ್ ಕತೆ

ನಾನು ಮೊದಲ್ನೇ ಸಲ ಕಟ್ಟಿದಾಗ ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದಿದ್ದ ಎಸ್‌ಎಂಪಿಎಸ್ಸೇ ಹಾಕ್ದೆ, ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತಿತ್ತು. ಎಂಟು ತಿಂಗಳು ಓಡ್ತು. ಒಂದಿನ ಗೇಮ್ ಮಧ್ಯೆ ಟಪ್ ಅಂತ ಶಬ್ದ, ಸುಟ್ಟ ವಾಸನೆ, ಅದು ಹೋಗೋದು ಹೋಗ್ಲಿ, ಮದರ್‌ಬೋರ್ಡನ್ನೂ ಜೊತೇಲಿ ಕರ್ಕೊಂಡು ಹೋಯ್ತು. ಆಮೇಲೆ ಅದರ ಪಕ್ಕದ ಲೇಬಲ್ ಓದಿದೆ: 12 ವೋಲ್ಟ್ ಲೈನಲ್ಲಿ 18 ಆಂಪಿಯರ್. 12 ಇಂಟು 18, 216 ವ್ಯಾಟು! ಪ್ರೊಸೆಸರು, ಕಾರ್ಡು ಎರಡೂ ಕರೆಂಟ್ ಎಳೆಯೋದು ಆ 12 ವೋಲ್ಟಿಂದಲೇ.

ಅದಕ್ಕೇ ಹೇಳೋದು, ಡಬ್ಬದ ಮೇಲಿನ ವ್ಯಾಟ್ ನೋಡ್ಬೇಡಿ, ಲೇಬಲ್ಲಲ್ಲಿ 12 ವೋಲ್ಟಿನ ಆಂಪಿಯರ್ ಹುಡ್ಕಿ ಗುಣಿಸಿ ನೋಡಿ. 5600 ಜೊತೆ 6600 ಹಾಕಿದ್ರೆ ಎಲ್ಲಾ ಸೇರಿ 300 ವ್ಯಾಟ್ ಒಳಗೇ ಇರತ್ತೆ, ನಿಯತ್ತಿನ 450 ಸಾಕು, ಮುಂದೆ ಕಾರ್ಡ್ ಬದಲಾಯ್ಸೋ ಆಸೆ ಇದ್ರೆ 550. 80 ಪ್ಲಸ್ ಬ್ರಾಂಜ್ ಅನ್ನೋ ಮುದ್ರೆ ಇದ್ರೆ ಒಳ್ಳೇದೇ, ಆದ್ರೆ ಅದು ಕರೆಂಟ್ ಎಷ್ಟು ಪೋಲಾಗತ್ತೆ ಅನ್ನೋದರ ಲೆಕ್ಕ ಅಷ್ಟೇ, ಒಳಗಿನ ಸಾಮಾನು ಎಂಥದ್ದು ಅಂತ ಅದು ಹೇಳಲ್ಲ. ವಾರಂಟಿ ಐದು ವರ್ಷ ಇರೋದು ನೋಡಿ. ಇದೊಂದನ್ನ ಸೆಕೆಂಡ್ ಹ್ಯಾಂಡ್ ತಗೋಬೇಡಿ. ಕ್ಯಾಬಿನೆಟ್ ಹೆಂಗಿದ್ರೂ ನಡಿಯತ್ತೆ, ಮುಂದ್ಗಡೆ ಗಾಳಿ ಆಡೋ ಜಾಲರಿ ಇರ್ಲಿ, ಕಾರ್ಡಿನ ಉದ್ದ ಹಿಡಿಯತ್ತಾ ಅಂತ ಅಳತೆ ನೋಡ್ಕೊಳಿ, ಮುಗೀತು.

ಈಗ ಜೋಡಿಸೋಣ

ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಮದರ್‌ಬೋರ್ಡನ್ನ ಕ್ಯಾಬಿನೆಟ್ ಒಳಗೆ ಹಾಕೋಕೆ ಅವಸರ ಬೇಡ, ಅದು ಬಂದ ರಟ್ಟಿನ ಡಬ್ಬದ ಮೇಲೇ ಇಟ್ಕೊಂಡು ಶುರು ಮಾಡಿ. ಮುಟ್ಟೋ ಮುಂಚೆ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಕಳ್ಕೊಳಿ.

ಪ್ರೊಸೆಸರಿನ ಮೂಲೇಲಿ ಸಣ್ಣ ತ್ರಿಕೋನ ಇರತ್ತೆ, ಸಾಕೆಟ್ಟಲ್ಲೂ ಇರತ್ತೆ, ಎರಡೂ ಒಂದೇ ಕಡೆ ಬರೋ ಹಾಗೆ ಹಿಡ್ಕೊಂಡು ಹಾಗೇ ಬಿಡಿ, ತಾನಾಗೇ ಕೂರ್ಬೇಕು, ಒತ್ತಿದ್ರೋ ಎಎಂ4 ಪ್ರೊಸೆಸರಿನ ಅಡಿಯ ಪಿನ್ ಬಗ್ಗಿ ಹೋಯ್ತು ಅಂತ್ಲೇ ಲೆಕ್ಕ. ಆಮೇಲೆ ಸಾಕೆಟ್ ಪಕ್ಕ ಮೇಲೆತ್ತಿದ್ದ ಕಂಬಿ ಇಳಿಸಿ. ರ‍್ಯಾಮ್ ಎರಡಿದ್ದು ಸ್ಲಾಟ್ ನಾಲ್ಕಿದ್ರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡ್ನೇದಕ್ಕೆ, ನಾಲ್ಕ್ನೇದಕ್ಕೆ ಹಾಕಿ, ಟಕ್ ಅನ್ನೋ ತನಕ ಒತ್ತಿ, ಇಲ್ಲಿ ಸ್ವಲ್ಪ ಜೋರು ಬೇಕು. ಎಸ್‌ಎಸ್‌ಡಿ ಓರೆಯಾಗಿ ತೂರ್ಸಿ, ಮಲಗ್ಸಿ, ಆ ಇರುವೆ ಗಾತ್ರದ ಸ್ಕ್ರೂ ಹಾಕಿ, ನೆಲಕ್ಕೆ ಬಿದ್ರೆ ಹುಡುಕೋದು ನಿಮ್ಮ ಕರ್ಮ.

5600ರ ಜೊತೆ ಬರೋ ಕೂಲರಿಗೆ ಬೋರ್ಡಿನ ಎರಡು ಪ್ಲಾಸ್ಟಿಕ್ ಪಟ್ಟಿ ಬಿಚ್ಬೇಕು, ಹಿಂದಿನ ಲೋಹದ ತಟ್ಟೆ ಬಿಡಬಾರ್ದು, ಅದಕ್ಕೇ ಸ್ಕ್ರೂ ಕಚ್ಚೋದು. ಪೇಸ್ಟ್ ಮೊದಲೇ ಹಚ್ಚಿರ್ತಾರೆ. ನಾಲ್ಕು ಸ್ಕ್ರೂನೂ ಎದುರುಬದುರು ಮೂಲೇಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬನ್ನಿ, ಫ್ಯಾನ್ ವಯರನ್ನ 'ಸಿಪಿಯು ಫ್ಯಾನ್' ಅಂತ ಬರ್ದಿರೋ ಪಿನ್ನಿಗೆ ಹಾಕಿ.

ಆಮೇಲೆ ಕ್ಯಾಬಿನೆಟ್ಟಿಗೆ ಹಿಂಬದಿಯ ತಗಡು (ಯುಎಸ್‌ಬಿ ತೂತುಗಳಿರೋದು) ಮೊದ್ಲು, ಬೋರ್ಡ್ ಆಮೇಲೆ, ಉಲ್ಟಾ ಮಾಡಿದ್ರೆ ಮತ್ತೆ ಎಲ್ಲಾ ಬಿಚ್ಬೇಕು. ಬೋರ್ಡಿನ ಅಡಿಗೆ ಹಿತ್ತಾಳೆಯ ಗುಬುಟು ಇದ್ಯಾ ನೋಡಿ, ಬೋರ್ಡು ನೇರ ತಗಡಿಗೆ ತಾಗಿದ್ರೆ ಶಾರ್ಟು. 24 ಪಿನ್ನಿನ ದೊಡ್ಡ ವಯರ್ ಬೋರ್ಡಿಗೆ, ಮೇಲಿನ ಮೂಲೇಲಿ 8 ಪಿನ್ ಪ್ರೊಸೆಸರಿಗೆ. ಕಾರ್ಡಿಗೂ 8 ಪಿನ್ನೇ, ಆದ್ರೆ ವಯರ್ ಬೇರೆ, ಮೇಲೆ ಪಿಸಿಐಇ ಅಂತ ಬರ್ದಿರತ್ತೆ, ಒತ್ತಿ ತುರುಕ್ಬೇಡಿ. ಪವರ್ ಬಟನ್ನಿನ ಕೂದಲಂಥ ವಯರ್‌ಗಳಿಗೆ ಬೋರ್ಡಿನ ಪುಸ್ತಕ ತೆಗೀಲೇಬೇಕು, ಅದು ಎಷ್ಟು ಪೀಸಿ ಕಟ್ಟಿದೋರಿಗೂ ಬಾಯಿಗೆ ಬರಲ್ಲ. ಕೊನೇದಾಗಿ ಕಾರ್ಡು, ಎಲ್ಲಕ್ಕಿಂತ ಮೇಲಿನ ಉದ್ದ ಸ್ಲಾಟಿಗೆ.

ಆನ್ ಮಾಡಿ ಡಿಸ್‌ಪ್ಲೇ ಬರ್ಲಿಲ್ಲ ಅಂದ್ರೆ ಗಾಬರಿ ಬೇಡ. ಮಾನಿಟರ್ ವಯರ್ ಬೋರ್ಡಿಗೆ ಹಾಕಿದೀರಾ ಕಾರ್ಡಿಗೆ ಹಾಕಿದೀರಾ ನೋಡಿ, ನಾನು ಇದೊಂದಕ್ಕೆ ಎರಡು ಗಂಟೆ ಎಲ್ಲಾ ಬಿಚ್ಚಿ ಹಾಕಿ ಮಾಡಿದೀನಿ. ಆಮೇಲೆ ರ‍್ಯಾಮ್ ತೆಗೆದು ಮತ್ತೆ ಒತ್ತಿ. ಮೂಲೆಯ 8 ಪಿನ್ ಮರ್ತಿದೀರಾ ನೋಡಿ.

ಫ್ರೀ ಸ್ಪೀಡು

ಡಿಸ್‌ಪ್ಲೇ ಬಂದ್ಮೇಲೆ ಡಿಲೀಟ್ ಕೀ ಒತ್ತಿ ಬಯೋಸಿಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನ ಅದರ ಪೂರ್ತಿ ಸ್ಪೀಡಲ್ಲಿ ಓಡ್ಸೋ ಸೆಟ್ಟಿಂಗು) ಆನ್ ಮಾಡಿ, ಇಲ್ಲಾಂದ್ರೆ 3200ರ ರ‍್ಯಾಮು 2133ರಲ್ಲೋ 2400ರಲ್ಲೋ ಕುಂಟ್ತಾ ಇರತ್ತೆ. ರೀಸೈಜಬಲ್ ಬಾರ್ ಕೂಡ ಆನ್ ಇರ್ಲಿ. ವಿಂಡೋಸ್ 10ರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಹಾಕಿ, ವ್ಯಾಲರಂಟ್ ಆಡೋರಿಗೆ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಬಯೋಸಿನ ಭದ್ರತೆ ಸೆಟ್ಟಿಂಗ್ ಎರಡೂ ಆನ್ ಇರ್ಲೇಬೇಕು. ಲಿನಕ್ಸ್ ಹಾಕಿದ್ರೆ ವಿಂಡೋಸಿನ ದುಡ್ಡು ಉಳಿಯತ್ತೆ, ಸ್ಟೀಮಿನ ಎಷ್ಟೋ ಗೇಮ್ ಪ್ರೋಟಾನ್ ಅನ್ನೋ ಸಾಫ್ಟ್‌ವೇರ್ ಮೂಲಕ ಓಡತ್ತೆ, ಆದ್ರೆ ವ್ಯಾಲರಂಟ್, ಫೋರ್ಟ್‌ನೈಟ್ ಓಡಲ್ಲ.

ಡಿಸ್‌ಪ್ಲೇ ಸೆಟ್ಟಿಂಗಲ್ಲಿ 144 ಹರ್ಟ್ಸ್ ಆಯ್ಕೆ ಮಾಡಿದೀರಾ ನೋಡಿ, ಎಷ್ಟೋ ಜನ ವರ್ಷಗಟ್ಟಲೆ 60ರಲ್ಲೇ ಆಡ್ತಿರ್ತಾರೆ. ಗೇಮಲ್ಲಿ ರೇ ಟ್ರೇಸಿಂಗ್ (ಬೆಳಕು, ಪ್ರತಿಬಿಂಬ ನಿಜದ ಹಾಗೆ ತೋರ್ಸೋ ಸೆಟ್ಟಿಂಗು) ಆಫ್, ಶ್ಯಾಡೋ ಮೀಡಿಯಮ್ಮಿಗೆ ಇಳಿಸಿ, ಟೆಕ್ಸ್‌ಚರ್ ಮಾತ್ರ ಕಾರ್ಡಿನ ಮೆಮೊರಿ ಇರೋ ತನಕ ಹೈನಲ್ಲೇ ಇರ್ಲಿ, ಅದು ಫ್ರೇಮ್ ತಿನ್ನೋದು ತುಂಬಾ ಕಮ್ಮಿ. ಎಫ್‌ಎಸ್‌ಆರ್ (ಚಿಕ್ಕ ಚಿತ್ರ ತಯಾರಿಸಿ ಸ್ಕ್ರೀನಿಗೆ ಹಿಗ್ಗಿಸೋ ಎಎಂಡಿ ತಂತ್ರ) ಸಾಲ ಇದ್ದ ಹಾಗೆ, 1080ಪಿಯಲ್ಲಿ ಕ್ವಾಲಿಟಿ ಮೋಡ್ ಹಾಕಿದ್ರೂ ಒಳಗೆ ತಯಾರಾಗೋದು 1280×720ರ ಚಿತ್ರ, ಬೇರೆ ದಾರಿ ಇಲ್ದಾಗ ಮಾತ್ರ ಮುಟ್ಟಿ.

ಎಲ್ಲಾ ಓಡ್ತು ಅಂತ ಖುಷೀಲಿ ಡಬ್ಬ ಎಸೀಬೇಡಿ. ಕಾರ್ಡಿನ ಡಬ್ಬ, ಬಿಲ್ಲು ಮಂಚದ ಕೆಳಗೆ ತಳ್ಳಿ, ಎರಡು ವರ್ಷ ಬಿಟ್ಟು ಇದನ್ನ ಮಾರಿ ಮುಂದಿನ ಕಾರ್ಡಿಗೆ ದುಡ್ಡು ಹೊಂದಿಸೋವಾಗ, ತಗೊಳೋಕೆ ಬಂದೋರು ಮೊದ್ಲು ಕೇಳೋದು ಅವನ್ನೇ.